ಮೂರನೇ ದಿನದ ರಕ್ತ

ಕಂತು ಆರು

"ಇದು ಆ ಹೆಣ್ಣುಮಗಳ ರಕ್ತವೇ ಅಲ್ಲ," ಎಂದ ಹನಿಯಜ್ಜ.

ಅವನ ಮುಂದೆ ಬಿಳಿ ಪಿಂಗಾಣಿ ಬಿಲ್ಲೆ, ಬಿಲ್ಲೆಯ ಮೇಲೆ ರಕ್ತದ ಗುಂಪು ನೋಡಲು ಹಾಕಿದ ಮೂರು ಹನಿ. ನಡುವಿನ ಹನಿ ಮಾತ್ರ ಒಡೆದ ಹಾಲಿನಂತೆ ತರಿತರಿಯಾಗಿತ್ತು. ಅಕ್ಕಪಕ್ಕದವು ಇದ್ದ ಹಾಗೇ ಇದ್ದವು.

"ಬಿ ನೆಗೆಟಿವ್. ಟೈಲರಮ್ಮನ ಫೈಲಿನಲ್ಲಿ ಏನಿದೆ?"

"ಓ ಪಾಸಿಟಿವ್," ಎಂದಳು ವಿಚಾರಣೆಯಕ್ಕ. "ಆಪರೇಷನ್ ದಿನ ಎರಡು ಸಲ ನೋಡಿ ಬರೆದಿದ್ದಾರೆ."

ಹತ್ತು ದಿನದ ಹಿಂದೆ ಹೊಟ್ಟೆ ಕೊಯ್ದು ಮಗು ತೆಗೆದು, ಮೂರನೇ ದಿನದ ರಕ್ತದಲ್ಲಿ ಏನೂ ತೊಂದರೆಯಿಲ್ಲವೆಂದು ಮನೆಗೆ ಕಳಿಸಿದ್ದ ಟೈಲರಮ್ಮ, ಗಾಯ ಬಿರಿದು ಕೀವು ಸುರಿಸುತ್ತ ಮೊನ್ನೆ ಮರಳಿ ಬಂದಿದ್ದಳು. ಈಗ ಐಸಿಯುನಲ್ಲಿ ಯಂತ್ರ ಅವಳ ಪರವಾಗಿ ಉಸಿರಾಡುತ್ತಿತ್ತು. ಆವತ್ತಿನಿಂದ ಇಡೀ ಹೆರಿಗೆ ಆಸ್ಪತ್ರೆ ಸೇರಿ ಲ್ಯಾಬಿನ ಹನಿಯಜ್ಜನ ತಲೆಯ ಮೇಲೆ ಗೂಬೆ ಕೂರಿಸಿತ್ತು.

ಒಂದೊಂದು ಹನಿಯನ್ನೂ ಅಳೆದು ಹಾಕುವವನೆಂದೇ ಅವನಿಗೆ ಆ ಅಡ್ಡಹೆಸರು. ನಿವೃತ್ತಿಗೆ ಎರಡು ವರ್ಷ ಬಾಕಿಯಿರುವಾಗ ಇಂಥ ಮಾತು ಕೇಳಬೇಕಾಗಿ ಬಂದು ಮನುಷ್ಯ ಅರ್ಧ ಇಳಿದುಹೋಗಿದ್ದ.

"ಆವತ್ತು ಅವಳ ಸಿಆರ್‌ಪಿ ಎಷ್ಟು ಬಂದಿತ್ತು, ಇನ್ನೊಮ್ಮೆ ಹೇಳಿ," ಎಂದಳು ವಿಚಾರಣೆಯಕ್ಕ.

"ಮೂರು."

"ಆವತ್ತಿಗೆ ಮೂರು ದಿನದ ಹಿಂದೆ ಕೊಯ್ದ ಹೊಟ್ಟೆ. ಎಲ್ಲ ಸರಿಯಾಗಿರೋ ತಾಯಿಗೂ ಐವತ್ತು, ಅರವತ್ತು ಇರಬೇಕಲ್ವಾ?"

ಹನಿಯಜ್ಜ ತಲೆ ತಗ್ಗಿಸಿದ. ಗಾಯದೊಳಗೆ ವಿಷ ಹುಟ್ಟಿದರೆ ಕಣ್ಣಿಗೆ ಕಾಣುವ ಎರಡು ಮೂರು ದಿನ ಮೊದಲೇ ರಕ್ತ ಹೇಳಿಬಿಡುತ್ತದೆ. ಬಿಳಿ ಕಣಗಳು ಏರುತ್ತವೆ, ಮೈಯೊಳಗಿನ ಉರಿಯೂತದ ಅಳತೆಯಾದ ಸಿಆರ್‌ಪಿ ಇಳಿಯಬೇಕಾದಲ್ಲಿ ಇಳಿಯದೆ ನೂರು ದಾಟುತ್ತದೆ. ಹಾಗಾಗಿ ಈ ಆಸ್ಪತ್ರೆಯಲ್ಲಿ ಮೂರನೇ ದಿನದ ರಕ್ತ ನೋಡದೆ ಯಾವ ತಾಯಿಯನ್ನೂ ಮನೆಗೆ ಕಳಿಸುತ್ತಿರಲಿಲ್ಲ. ಲ್ಯಾಬಿನಿಂದ ವಾರ್ಡಿಗೆ ಸಂಖ್ಯೆ ಹೋಗುವುದಿಲ್ಲ, ಚೀಟಿಯ ಮೇಲೊಂದು ಮುದ್ರೆ ಹೋಗುತ್ತದೆ. ಹಸಿರಾದರೆ ಮನೆ, ಕೆಂಪಾದರೆ ಮಂಚ ಮತ್ತು ಔಷಧಿ.

"ಹೆಚ್ಚು ಬಂದ್ರೆ ಮತ್ತೊಂದು ಸಲ ಓಡಿಸಿ ನೋಡ್ತೀವಿ ಅಕ್ಕ. ಕಡಿಮೆ ಬಂದ್ರೆ ಯಾರು ನೋಡ್ತಾರೆ? ಸದ್ಯ, ಒಬ್ಬಳು ಗೆದ್ದಳು ಅಂತ ಹಸಿರು ಒತ್ತಿದೆ." ಅವನು ಬಿಲ್ಲೆಯನ್ನು ಅವಳ ಕಡೆಗೆ ಸರಿಸಿದ. "ಕೊಯ್ಯದೇ ಇರೋ ದೇಹದ ರಕ್ತ ಇದು. ನನ್ನ ಕಣ್ಣೆದುರೇ ಇತ್ತು. ನಾನು ನೋಡಲಿಲ್ಲ."

ವಿಚಾರಣೆಯಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತಾಯಂದಿರ ಸಾವಿನ ತನಿಖೆಗೆ ಬರುವ ಮೊದಲು ಅವಳೂ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವಳು. ಒಳ್ಳೆಯ ಸುದ್ದಿಯನ್ನು ಯಾರೂ ಎರಡು ಸಲ ಪ್ರಶ್ನಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಈಗ ಅವಳನ್ನು ಕೊರೆಯುತ್ತಿದ್ದುದು ಟೈಲರಮ್ಮನ ಟ್ಯೂಬಲ್ಲ. ಈ ಬಿ ನೆಗೆಟಿವ್ ಇನ್ನೆಷ್ಟು ಟ್ಯೂಬುಗಳಲ್ಲಿ ಕೂತಿದೆಯೋ, ಅಷ್ಟು ಮಂದಿ ತಾಯಂದಿರು ಹೊಟ್ಟೆಯ ಗಾಯದಲ್ಲಿ ಏನು ನಡೆದಿದೆಯೆಂದು ತಿಳಿಯದೆ ಮನೆಯಲ್ಲಿ ಮಗುವಿಗೆ ಹಾಲೂಡಿಸುತ್ತಿರುತ್ತಾರೆ.

"ಆ ವಾರ್ಡಿನ ಟ್ಯೂಬು ಎಷ್ಟು ದಿನದ್ದಿವೆ?"

"ಏಳು ದಿನ ಇಡ್ತೀವಿ. ಟೈಲರಮ್ಮನದು ನಾಳೆ ಹೊತ್ತಿಗೆ ಕಸಕ್ಕೆ ಹೋಗ್ತಿತ್ತು."

"ಎಲ್ಲ ತೆಗೀರಿ. ಇವತ್ತು ಬೆಳಿಗ್ಗೆ ಬಂದದ್ದೂ ಸೇರಿ."

ಫ್ರಿಜ್ಜಿನಿಂದ ಹದಿನಾಲ್ಕು ರಂಧ್ರದ ಸ್ಟ್ಯಾಂಡು ಬಂತು. ಹದಿಮೂರು ಟ್ಯೂಬು, ಒಂದು ಖಾಲಿ ರಂಧ್ರ.

"ಇದರದೆಲ್ಲಿ?"

"ನಿನ್ನೇದು ಅದು. ನಾನು ಬೆಳಿಗ್ಗೆ ಬಂದಾಗಲೇ ಇರಲಿಲ್ಲ. ಫ್ರಿಜ್ಜು ಒರೆಸೋರ ಕೈ ತಾಗಿ ಒಡೆದಿರಬೇಕು. ಯಾವ ಮಂಚದ್ದು ಅಂತ ಬುಕ್ಕಿನಲ್ಲಿ ನೋಡಿ ಹೇಳ್ತೀನಿ."

ಅವನು ಬುಕ್ಕಿಗೆ ಕೈ ಹಾಕುವಷ್ಟರಲ್ಲಿ ಅವಳು ಮೊದಲ ಟ್ಯೂಬಿನ ಮುಚ್ಚಳ ತೆಗೆದಾಗಿತ್ತು. ಇಬ್ಬರೂ ಸಾಲಾಗಿ ಹನಿ ಹಾಕುತ್ತ ಹೋದರು, ಬುಕ್ಕು ಅಲ್ಲೇ ಉಳಿಯಿತು.

ಒಂದು ಗಂಟೆಯಲ್ಲಿ ಉತ್ತರ ಸಿಕ್ಕಿತು. ನೂರು ಜನರಲ್ಲಿ ಇಬ್ಬರಿಗೆ ಇದ್ದರೆ ಹೆಚ್ಚು ಎನ್ನುವ ಬಿ ನೆಗೆಟಿವ್, ಈ ಒಂದೇ ವಾರ್ಡಿನಲ್ಲಿ ಮೂರು ಕಡೆ ಇತ್ತು. ಹನ್ನೊಂದನೇ ಮಂಚದ ಟೈಲರಮ್ಮ. ನಾಲ್ಕು ದಿನದ ಹಿಂದೆ ಮನೆಗೆ ಹೋದ ನಾಲ್ಕನೇ ಮಂಚದ ಟೀಚರಮ್ಮ. ಮೂರನೆಯದು ಇವತ್ತು ಬೆಳಗಿನದು, ಏಳನೇ ಮಂಚ. ಫೈಲುಗಳ ಪ್ರಕಾರ ಈ ಮೂವರಲ್ಲಿ ಒಬ್ಬರದೂ ಬಿ ನೆಗೆಟಿವ್ ಅಲ್ಲ.

"ಇವತ್ತಿನದರ ಸಿಆರ್‌ಪಿ?"

"ಈ ಯಂತ್ರ ಹೊಸ ಅಳಿಯನ ಹಾಗೆ, ಹನ್ನೆರಡರ ತನಕ ಮುನಿಸು," ಎಂದ ಹನಿಯಜ್ಜ. ಮೂರು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. "ಸರಿಹೋದ ಕೂಡಲೇ ಓಡಿಸಿ ಫೋನ್ ಮಾಡ್ತೀನಿ."

*

ವಾರ್ಡಿನ ಮುಂದಿನ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ. ಮನೆಗೆ ಹೋದ ಪ್ರತಿ ತಾಯಿಗೂ ಅದರಲ್ಲೊಂದು ಕಾರ್ಡು. ಯಾರ ಮನೆಗೆ ಹೋಗುತ್ತಾಳೆ, ಯಾವ ಬೀದಿ, ಯಾರ ಫೋನು ಎಂದು ಕೈಯಲ್ಲಿ ಬರೆದಿಟ್ಟಿದ್ದು. ದಾಖಲಾಗುವಾಗ ಕೊಡುವ ವಿಳಾಸದಲ್ಲಿ ಹೆತ್ತವಳು ಇರುವುದು ಅಪರೂಪ, ಅಕ್ಕನ ಮನೆಗೋ ಅತ್ತೆಯ ಮನೆಗೋ ಹೊರಟಿರುತ್ತಾಳೆ. ಹಾಗಾಗಿ ಈ ಪೆಟ್ಟಿಗೆಯೇ ಗತಿ.

ನಾಲ್ಕನೇ ಮಂಚದ ಕಾರ್ಡು ಹುಡುಕಿ ವಿಚಾರಣೆಯಕ್ಕ ಫೋನ್ ಮಾಡಿದಳು. ಟೀಚರಮ್ಮನ ಮೈದುನ ಎತ್ತಿದ.

"ಅತ್ತಿಗೆ ಚೆನ್ನಾಗಿದಾರೆ ಮೇಡಂ. ಬೆಳಗಿಂದ ಸ್ವಲ್ಪ ಚಳಿ ಅಂತ ಹೊದ್ದು ಮಲಗಿದಾರೆ, ಅಷ್ಟೇ."

"ಹೊದ್ದುಕೊಂಡೇ ಕರ್ಕೊಂಡು ಬನ್ನಿ. ಈಗಲೇ. ಊಟ ಆಮೇಲೆ."

ಒಬ್ಬಳು ಐಸಿಯುನಲ್ಲಿ, ಇನ್ನೊಬ್ಬಳು ದಾರಿಯಲ್ಲಿ. ಐಸಿಯುನಲ್ಲಿ ಉಳಿದಿರುವುದು ಒಂದೇ ಮಂಚವೆಂದು ಬೆಳಿಗ್ಗೆಯೇ ಕೇಳಿದ್ದಳು. ಟೀಚರಮ್ಮನಿಗೆ ಅದು ಬೇಕಾಗದಿರಲಿ ಎಂದುಕೊಂಡಳು.

ಏಳನೇ ಮಂಚದವಳು ತಟ್ಟೆಯಲ್ಲಿದ್ದುದನ್ನು ಖಾಲಿ ಮಾಡಿ, ಮಗುವಿನ ಉಗುರು ನೋಡುತ್ತ ಕೂತಿದ್ದಳು. ಗಾಯ ಒಣಗಿತ್ತು. ಎರಡೂ ಮೊಣಕೈಯ ಒಳಬದಿಯಲ್ಲಿ ಒಂದೊಂದು ನೇರಳೆ ಕಲೆ.

"ಬೆಳಿಗ್ಗೆ ರಕ್ತ ತಗೊಂಡ್ರಾ?"

"ಎರಡು ಸಲ ಚುಚ್ಚಿದ್ರು ಮೇಡಂ, ಬರಲಿಲ್ಲ. ನನ್ನ ನರ ಸಿಗೋದೇ ಕಷ್ಟ. ಮತ್ತೆ ಬರ್ತೀನಿ ಅಂದೋರು ಬರಲೇ ಇಲ್ಲ. ನಾನೂ ಬಚಾವಾದೆ ಅಂತ ಸುಮ್ಮನಾದೆ."

"ಯಾರು ಬಂದಿದ್ದು?"

"ನಿದ್ದೆಗಣ್ಣು, ಅವರು ಮಾಸ್ಕ್ ಬೇರೆ ಹಾಕಿದ್ರು. ಗೊತ್ತಾಗಲಿಲ್ಲ." ಅವಳು ನಕ್ಕಳು. "ಕೈ ಮಾತ್ರ ಬೆಚ್ಚಗಿತ್ತು. ಬೆಚ್ಚಗಲ್ಲ, ಬಿಸಿ. ನನಗೆ ಹಾಯೆನಿಸ್ತು."

ವಿಚಾರಣೆಯಕ್ಕ ಅದನ್ನು ಚೀಟಿಯಲ್ಲಿ ಬರೆದುಕೊಂಡಳು. ಅರ್ಥ ಮಾಡಿಕೊಳ್ಳಲಿಲ್ಲ.

ವಾರ್ಡಿನ ಕೊನೆಯ ಗೋಡೆಗೆ ಒಂದು ಕಪ್ಪು ಹಲಗೆ. ಮೇಲೆ ದುಂಡನೆಯ ಅಕ್ಷರದಲ್ಲಿ: 'ಎರಡು ಸಲ ತಪ್ಪಿದವರು'. ಇಲ್ಲಿಯ ಕಟ್ಟಳೆ ಅದು. ಯಾವ ನರ್ಸೂ ಒಬ್ಬ ತಾಯಿಗೆ ಎರಡಕ್ಕಿಂತ ಹೆಚ್ಚು ಸಲ ಚುಚ್ಚುವಂತಿಲ್ಲ. ಎರಡು ತಪ್ಪಿದರೆ ದೊಡ್ಡ ಸಿಸ್ಟರನ್ನು ಕರೆಯಬೇಕು, ಅವರು ಬಂದು ಒಂದೇ ಏಟಿಗೆ ತೆಗೆದು ಕೊಡುತ್ತಾರೆ, ತಪ್ಪಿದವಳ ಹೆಸರು ವಾರವಿಡೀ ಹಲಗೆಯ ಮೇಲಿರುತ್ತದೆ. ತಾಯಂದಿರೂ ನೋಡುತ್ತಾರೆ, ನೆಂಟರೂ ನೋಡುತ್ತಾರೆ.

ಹಲಗೆ ಖಾಲಿ ಇತ್ತು. ಆದರೆ ಒರೆಸಿದ ಸೀಮೆಸುಣ್ಣದ ಕೆಳಗೆ, ಬೆಳಕಿಗೆ ಓರೆಯಾಗಿ ನಿಂತು ನೋಡಿದರೆ, ಒಂದೇ ಹೆಸರು ಮೂರು ಸಲ ಕಾಣುತ್ತಿತ್ತು. ಚಿಕ್ಕ ಸಿಸ್ಟರ್. ಚಿಕ್ಕ ಸಿಸ್ಟರ್. ಚಿಕ್ಕ ಸಿಸ್ಟರ್.

*

ದೊಡ್ಡ ಸಿಸ್ಟರ್ ತನ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮೂವತ್ತು ವರ್ಷ ಈ ವಾರ್ಡನ್ನು ಆಳಿದ ಹೆಂಗಸು. ಅವಳ ಚಪ್ಪಲಿಯ ಸದ್ದಿಗೆ ಅಳುವ ಮಗುವೂ ಸುಮ್ಮನಾಗುತ್ತದೆಂದು ವಾರ್ಡಿನವರು ನಗುತ್ತಿದ್ದರು, ಅವಳು ದೂರವಿರುವಾಗ.

"ಆ ಹಲಗೆ ಯಾವಾಗಿಂದ ಖಾಲಿ?" ಎಂದಳು ವಿಚಾರಣೆಯಕ್ಕ.

"ಎರಡು ತಿಂಗಳಾಯ್ತು. ಹುಡುಗಿಯರ ಕೈ ಕುದುರಿದೆ."

"ಏಳನೇ ಮಂಚಕ್ಕೆ ಬೆಳಿಗ್ಗೆ ಎರಡು ಸಲ ತಪ್ಪಿದೆ. ನಿಮ್ಮನ್ನ ಯಾರೂ ಕರೀಲಿಲ್ಲ. ಆದ್ರೂ ಟ್ಯೂಬು ತುಂಬಿ ಲ್ಯಾಬಿಗೆ ಹೋಗಿದೆ. ಚಿಕ್ಕ ಸಿಸ್ಟರ್ ಅಂದ್ರೆ ಯಾರು?"

"ಹೊಸಬಳು." ಬಟ್ಟೆ ಮಡಿಸುವ ಕೈ ನಿಲ್ಲಲಿಲ್ಲ. "ಅವಳಿಗೂ ಇದಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ಟ್ಯೂಬಿನಲ್ಲಿರೋ ರಕ್ತ ಯಾರದು?"

ದೊಡ್ಡ ಸಿಸ್ಟರ್ ಬಟ್ಟೆ ಕೆಳಗಿಟ್ಟಳು. ಕುರ್ಚಿ ಎಳೆದು ಕೂತಳು. ತೀರ್ಮಾನ ಮಾಡಿಕೊಂಡೇ ಕೂತಂತಿತ್ತು.

"ನನ್ನದು. ಬರ್ಕೊಳ್ಳಿ. ಪಾಪ, ಮನೆಗೆ ಹೋಗಬೇಕು ಅಂತ ತಾಯಂದಿರು ಕೈ ಮುಗೀತಾರೆ. ಚುಚ್ಚಿ ಚುಚ್ಚಿ ಅವರನ್ನ ಗೋಳು ಹೊಯ್ಕೊಳ್ಳೋಕೆ ಮನಸ್ಸು ಬರಲಿಲ್ಲ. ನನ್ನ ತೋಳಿಂದ ತೆಗೆದು ತುಂಬಿಸಿದೆ. ತಪ್ಪಾಯ್ತು. ಶಿಕ್ಷೆ ನನಗೆ ಕೊಡಿ."

ವಿಚಾರಣೆಯಕ್ಕ ಬರೆದುಕೊಳ್ಳಲಿಲ್ಲ. ಎದ್ದು ಹೋಗಿ, ಅವಳ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ಹಿಂದುಮುಂದಾಗಿ ತಿರುಗಿಸಿದಳು. ಆಸ್ಪತ್ರೆಯ ಎಲ್ಲರ ಚೀಟಿಯ ಬೆನ್ನಲ್ಲೂ ಅವರ ರಕ್ತದ ಗುಂಪು ಅಚ್ಚಾಗಿರುತ್ತದೆ.

"ಎ ಪಾಸಿಟಿವ್," ಎಂದು ಓದಿದಳು. "ಟ್ಯೂಬಿನಲ್ಲಿರೋದು ಬಿ ನೆಗೆಟಿವ್. ಸಿಸ್ಟರ್, ಮೂವತ್ತು ವರ್ಷದಲ್ಲಿ ನೀವು ಎಲ್ಲ ಕಲ್ತಿದೀರಿ, ಸುಳ್ಳು ಹೇಳೋದೊಂದು ಬಿಟ್ಟು. ಯಾರನ್ನ ಕಾಯ್ತಾ ಇದೀರಿ?"

ದೊಡ್ಡ ಸಿಸ್ಟರ್ ಚೀಟಿಯನ್ನು ಅವಳ ಕೈಯಿಂದ ಬಿಡಿಸಿಕೊಂಡು ಏಪ್ರನ್ನಿನೊಳಗೆ ಸೇರಿಸಿದಳು.

"ಟೈಲರಮ್ಮನ ಅತ್ತೆ ಐಸಿಯು ಬಾಗಿಲಲ್ಲಿ ಮಗು ಹಿಡ್ಕೊಂಡು ಕೂತಿದಾರೆ. ಅದಕ್ಕೆ ಹತ್ತು ದಿನ. ಹೋಗಿ ನೋಡಿ ಬರ್ತೀರಾ?"

"ನೋಡಿದೀನಿ," ಎಂದಳು ದೊಡ್ಡ ಸಿಸ್ಟರ್, ತಗ್ಗಿದ ದನಿಯಲ್ಲಿ. ಆದರೂ ಹೆಸರು ಹೊರಬರಲಿಲ್ಲ.

ಆಗ ವಿಚಾರಣೆಯಕ್ಕನ ಫೋನು ರಿಂಗಾಯಿತು. ಹನಿಯಜ್ಜ.

"ಅಕ್ಕ, ಏಳನೇ ಮಂಚದ್ದು ಓಡಿಸಿದೆ. ಇನ್ನೂರ ಅರವತ್ತೆಂಟು."

"ಏನು?"

"ಎರಡು ಸಲ ಓಡಿಸಿದೆ. ಬಿಳಿ ಕಣ ಇಪ್ಪತ್ತಾರು ಸಾವಿರ. ಆವತ್ತು ಮೂರು ಇದ್ದ ರಕ್ತ ಇವತ್ತು ಇನ್ನೂರ ಅರವತ್ತೆಂಟು. ಇದು ಯಾರದೋ ಗೊತ್ತಿಲ್ಲ, ಆದ್ರೆ ಅವರು ಓಡಾಡಿಕೊಂಡು ಇರೋದೇ ಆಶ್ಚರ್ಯ."

ವಿಚಾರಣೆಯಕ್ಕ ತಾನು ಬರೆದುಕೊಂಡಿದ್ದ ಚೀಟಿ ತೆಗೆದು ನೋಡಿದಳು. ಕೈ ಬಿಸಿಯಿತ್ತು ಎಂದಿದ್ದಳು ಏಳನೇ ಮಂಚದವಳು. ಬೆಚ್ಚಗಲ್ಲ, ಬಿಸಿ.

"ಸಿಸ್ಟರ್, ಕೇಳಿ," ಎಂದಳು. "ಆ ಹುಡುಗಿ ಯಾರೇ ಆಗಲಿ, ತನ್ನ ತೋಳಿಗೆ ತಾನೇ ಚುಚ್ಚಿಕೊಂಡಿದಾಳೆ. ಗಡಿಬಿಡಿಯಲ್ಲಿ, ತಾಯಿಗೆ ಚುಚ್ಚಿದ ಸೂಜಿಯನ್ನೇ ಹಾಕ್ಕೊಂಡಿದ್ರೂ ಆಶ್ಚರ್ಯ ಇಲ್ಲ. ಆ ತೋಳು ಕೀವು ಕಟ್ಟಿದೆ. ವಿಷ ರಕ್ತಕ್ಕೆ ಇಳಿದಿದೆ. ಸಿಆರ್‌ಪಿ ಇನ್ನೂರ ಅರವತ್ತೆಂಟು."

"ಎಷ್ಟು ಅಂದ್ರಿ?"

"ಇನ್ನೂರ ಅರವತ್ತೆಂಟು."

ಆ ಸಂಖ್ಯೆಯ ಅರ್ಥ ದೊಡ್ಡ ಸಿಸ್ಟರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಬೆಳಿಗ್ಗೆ ಜ್ವರ ಅಂದಳು," ಎಂದಳು. "ತೋಳು ಸಿಡೀತಾ ಇದೆ ಅಂದಳು. ನಿಮ್ಮ ವಿಚಾರಣೆಗೆ ಹೆದರಿ ನಾಟಕ ಆಡ್ತಿದಾಳೆ ಅಂದ್ಕೊಂಡೆ. ಬೈದು ಡ್ಯೂಟಿಗೆ ಕಳಿಸಿದೆ."

"ಯಾರು, ಸಿಸ್ಟರ್?"

"ನನ್ನ ಮಗಳು."

ಅವಳು ಆಗಲೇ ಫೋನ್ ಒತ್ತುತ್ತಿದ್ದಳು. ಎರಡು ಸಲ ಬೆರಳು ತಪ್ಪಿತು, ಮೂರನೇ ಸಲ ಕರೆ ಹೋಯಿತು. ಇಬ್ಬರೂ ಕಿವಿಗೊಟ್ಟರು. ಫೋನಿನೊಳಗಿನ ರಿಂಗಿನ ಜೊತೆಗೇ, ಓಣಿಯ ತುದಿಯಲ್ಲಿ, ಬಟ್ಟೆ ಇಡುವ ಕೋಣೆಯ ಮುಚ್ಚಿದ ಬಾಗಿಲ ಹಿಂದೆ ಇನ್ನೊಂದು ಫೋನು ಹಾಡುತ್ತಿತ್ತು.

ಚಿಲಕ ಒಳಗಿನಿಂದ ಹಾಕಿತ್ತು. ವಾರ್ಡಿನ ಇಬ್ಬರು ಆಳುಗಳು ಭುಜ ಕೊಟ್ಟಾಗ ಬಾಗಿಲು ಕಿತ್ತು ಬಂತು.

ಚಿಕ್ಕ ಸಿಸ್ಟರ್ ಒಗೆದ ಹಾಸುಗಳ ರಾಶಿಗೆ ಒರಗಿ ಬಿದ್ದಿದ್ದಳು. ಇಪ್ಪತ್ತೆರಡರ ಪ್ರಾಯ. ಉದ್ದ ತೋಳಿನ ಸ್ವೆಟರಿನೊಳಗೆ ಎಡಗೈ ಹಿಡಿಸಲಾರದಷ್ಟು ಬಾತಿತ್ತು. ಕತ್ತರಿಯಿಂದ ಸ್ವೆಟರಿನ ತೋಳು ಸೀಳಿದಾಗ ಮೊಣಕೈಯಿಂದ ಕಂಕುಳ ತನಕ ಕೆಂಪು ಗೀಟು ಎದ್ದಿತ್ತು. ಉಸಿರು ಇತ್ತು. ಎಚ್ಚರ ಇರಲಿಲ್ಲ.

"ಹಲಗೆ ಮೇಲೆ ಹೆಸರು ಬರೀಬೇಡ ಅಮ್ಮ ಅಂತ ಕಾಲು ಹಿಡ್ಕೊಂಡಿದ್ದಳು," ಎಂದಳು ದೊಡ್ಡ ಸಿಸ್ಟರ್, ಯಾರಿಗೆಂದಿಲ್ಲದೆ. "ನನ್ನ ಮಗಳು ಅಂತ ಬಿಟ್ರೆ ಬೇರೆಯವರು ಏನಂದಾರು ಅಂತ, ಇನ್ನೂ ದೊಡ್ಡದಾಗಿ ಬರೆದೆ."

ಸ್ಟ್ರೆಚರ್ ಬಂತು. ಎತ್ತುವಾಗ ಹುಡುಗಿಯ ಗುರುತಿನ ಚೀಟಿ ಜಾರಿ ಬೆನ್ನು ಮೇಲಾಯಿತು. ವಿಚಾರಣೆಯಕ್ಕ ಬಗ್ಗಿ ನೋಡಿದಳು. ಬಿ ನೆಗೆಟಿವ್. ಅದರ ಕೆಳಗೆ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿ, ಪೆನ್ನಿನಲ್ಲಿ ಮಂಚದ ಸಂಖ್ಯೆ ಬರೆದಿತ್ತು, ಮರೆಯಬಾರದೆಂಬಂತೆ. ಹನ್ನೊಂದು. ನಾಲ್ಕು. ಎರಡು. ಏಳು.

ಎರಡು.

ಅವಳಿಗೆ ಸ್ಟ್ಯಾಂಡಿನ ಖಾಲಿ ರಂಧ್ರ ನೆನಪಾಯಿತು. ಕೇಳಿದ್ದಳು, ಉತ್ತರಕ್ಕೆ ಕಾಯದೆ ಬಂದಿದ್ದಳು. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

"ಎರಡನೇ ಮಂಚದ ತಾಯಿ ಎಲ್ಲಿ?"

ದೊಡ್ಡ ಸಿಸ್ಟರ್ ಏಪ್ರನ್ನಿನ ಜೇಬಿಗೆ ಕೈ ಹಾಕಿ ಒಂದು ಟ್ಯೂಬು ಹೊರತೆಗೆದಳು. ತಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ನಿನ್ನೆ ನನ್ನ ಮಗಳು ಇದೇ ಕೋಣೆಯಲ್ಲಿ, ತೋಳಿಗೆ ಪಟ್ಟಿ ಕಟ್ಕೊಂಡು ತನ್ನ ರಕ್ತ ತಾನೇ ತೆಗೀತಾ ಕೂತಿದ್ದಳು. ಕಣ್ಣಾರೆ ಕಂಡೆ. ಇದೊಂದೇ ಸಲ ಅಮ್ಮ ಅಂದಳು, ನಂಬಿದೆ. ನಿನ್ನೆ ಅವಳ ರಕ್ತ ಇನ್ನೂ ಚೆನ್ನಾಗಿತ್ತು, ಚೀಟಿಗೆ ಹಸಿರು ಬಿದ್ದಾಗಿತ್ತು. ನೀವು ಟೈಲರಮ್ಮನ ಟ್ಯೂಬು ತೆಗೆಸ್ತೀರಿ ಅಂತ ಸುದ್ದಿ ಬಂತು, ಬೆಳಿಗ್ಗೆ ಹೋಗಿ ಇದನ್ನ ಎತ್ಕೊಂಡು ಬಂದೆ. ಆ ತಾಯಿಯ ಗಾಯ ನಾನೇ ಬಿಚ್ಚಿ ನೋಡಿದೆ, ಒಣಗಿತ್ತು. ಒಂಬತ್ತು ಗಂಟೆಗೆ ಮನೆಗೆ ಕಳಿಸಿದೆ."

"ಟೈಲರಮ್ಮನ ಗಾಯವೂ ಮೂರನೇ ದಿನ ಒಣಗೇ ಇತ್ತು!"

ವಿಚಾರಣೆಯಕ್ಕ ಓಡಿಹೋಗಿ ಮರದ ಪೆಟ್ಟಿಗೆ ಕೆದಕಿದಳು. ಒಂದನೇ ಮಂಚದ ಕಾರ್ಡು ಇತ್ತು, ಮೂರರದಿತ್ತು. ನಡುವೆ ಏನೂ ಇರಲಿಲ್ಲ.

ಮರಳಿ ಬಂದಾಗ ಸ್ಟ್ರೆಚರ್ ಓಣಿಯ ತಿರುವು ದಾಟಿತ್ತು. ಹಿಂದೆ ಹೊರಟಿದ್ದ ದೊಡ್ಡ ಸಿಸ್ಟರಿನ ಮುಂಗೈಯನ್ನು ಅವಳು ಗಟ್ಟಿಯಾಗಿ ಹಿಡಿದಳು.

"ಕಾರ್ಡು ಎಲ್ಲಿ?"

"ಹರಿದು ನೀರಿಗೆ ಬಿಟ್ಟೆ."

"ಅದನ್ನ ಬರೆದಿದ್ದು ನೀವು. ಎಲ್ಲಿಗೆ ಹೋದಳು ಅಂತ ನಿಮಗೆ ಗೊತ್ತು. ಹೇಳಿ. ಈಗ ಕರೆಸಿದ್ರೆ ಉಳೀತಾಳೆ."

"ಗೊತ್ತು," ಎಂದಳು ದೊಡ್ಡ ಸಿಸ್ಟರ್. "ಆ ತಾಯಿ ಮನೆಯ ಬಣ್ಣವೂ ಹೇಳಿದ್ದಳು. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು." ಅವಳ ಕಣ್ಣಲ್ಲಿ ನೀರು ಧಾರೆಯಾಗಿತ್ತು, ದನಿ ಮಾತ್ರ ಹಲಗೆಯ ಮೇಲಿನ ಅಕ್ಷರದಷ್ಟೇ ಸ್ಪಷ್ಟವಾಗಿತ್ತು.

"ಐಸಿಯುನಲ್ಲಿ ಉಳಿದಿರೋದು ಒಂದೇ ಮಂಚ. ಅದರ ಮೇಲೆ ಈಗ ನನ್ನ ಮಗಳು ಮಲಗ್ತಾಳೆ. ಆ ತಾಯಿ ಬಂದ್ರೆ ಯಾರನ್ನ ಇಳಿಸ್ತೀರಿ ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಕೈ ಬಿಡಿ. ನನ್ನ ಮಗಳು ಕಣ್ಣು ಬಿಟ್ಟು ಅಮ್ಮ ಅಂತ ಕರೀಲಿ. ಆಮೇಲೆ ಹೇಳ್ತೀನಿ."